ಕದ್ದ ಗ್ರೈಂಡರಿಗೆ ಗಿರಾಕಿ ಯಾರು?



ಹಿಂಜವಾಡಿಯ ನಮ್ಮ ಹೋಟೆಲಿನ ಹಿಂಬಾಗಿಲ ಬೀಗ ಮುರಿದು ಕಳ್ಳರು ಹತ್ತು ಲೀಟರಿನ ಟಿಲ್ಟಿಂಗ್ ಗ್ರೈಂಡರ್, ಎರಡು ಮಿಕ್ಸಿ, ಒಂದಷ್ಟು ಸ್ಟೀಲ್ ಪಾತ್ರೆ ಹೊತ್ತುಕೊಂಡು ಹೋದರು. ರುಬ್ಬಿಟ್ಟಿದ್ದ ಹಿಟ್ಟು ಒಂದು ದಿನಕ್ಕಾಯಿತು. ಮರುದಿನ ದೋಸೆ ಇಲ್ಲ, ಇಡ್ಲಿ ಇಲ್ಲ. ಐಟಿ ಪಾರ್ಕಿನ ಹುಡುಗರು ಉಪ್ಪಿಟ್ಟು ತಿಂದು ಮುಖ ಸಪ್ಪೆ ಮಾಡಿಕೊಂಡು ಹೋದರು.

ಮೂರು ವಾರದ ಮೇಲೆ ನಮ್ಮ ಸಪ್ಲೈಯರ್ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ಅದೇ ಗ್ರೈಂಡರ್! ಕಾಲಿಗೆ ನಾವು ವೆಲ್ಡಿಂಗ್ ಮಾಡಿಸಿದ್ದ ಗುರುತು ಫೋಟೋದಲ್ಲಿ ಕಾಣುತ್ತಿತ್ತು. ಆ ಆನ್‌ಲೈನ್ ಕಂಪನಿಗೆ ಬರೆದೆವು. 'ನಿಮ್ಮ ದೂರು ತಲುಪಿದೆ' ಎಂದು ಉತ್ತರ ಬಂತು, ಅಷ್ಟೆ. ಠಾಣೆಯಲ್ಲಿ ಸಾಹೇಬರು ನ್ಯಾಯವಾಗಿಯೇ ಕೇಳಿದರು: ಮಷೀನಿನ ನಂಬರ್ ಎಷ್ಟು, ಬಿಲ್ ಎಲ್ಲಿ? ನಮ್ಮಲ್ಲಿ ಎರಡೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇವೆ, ಆ ಗ್ರೈಂಡರನ್ನು 2021ರಲ್ಲಿ ನಾವೂ ಆನ್‌ಲೈನಿನಲ್ಲೇ ಬಿಲ್ ಇಲ್ಲದೆ ಅಗ್ಗಕ್ಕೆ ಕೊಂಡಿದ್ದೆವು. ಲಾಕ್‌ಡೌನಿನಲ್ಲಿ ಮುಚ್ಚಿದ ಹೋಟೆಲಿನದು ಎಂದು ಮಾರಿದವನು ಹೇಳಿದ. ನಂಬಿದರೆ ನಮಗೆ ಲಾಭವಿತ್ತು, ನಂಬಿದೆವು. ಎರಡು ದಿನದಲ್ಲಿ ಆ ಜಾಹೀರಾತೂ ಮಾಯ.

ಹತ್ತು ಲೀಟರಿನ ಗ್ರೈಂಡರನ್ನು ಕಳ್ಳ ತನ್ನ ಮನೆಯಲ್ಲಿಟ್ಟು ರುಬ್ಬುವುದಿಲ್ಲ. ಕೊಳ್ಳುವವರು ಹೋಟೆಲಿನವರೇ, ಅಂದರೆ ನಾವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ, ಕಳವಿನ ಮಾಲೆಂದು ತಿಳಿದೋ ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಕೊಂಡವರಿಗೆ ಮೂರು ವರ್ಷದ ತನಕ ಜೈಲು ಆಗಬಹುದು. ಗೊತ್ತಿಲ್ಲದೆ ಕೊಂಡರೂ ಮಾಲು ನಮ್ಮದಾಗುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯಂತೆ ಮಾರಿದವನಿಗೆ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ. ಕೊಟ್ಟ ದುಡ್ಡು ಹೋಯಿತೆಂದೇ ಲೆಕ್ಕ.

ಹಾಗೆಂದು ಆನ್‌ಲೈನ್ ಕಂಪನಿಗಳನ್ನು ಸುಮ್ಮನೆ ಬಿಡಬೇಕಿಲ್ಲ. ಹಿಂದೆ ಮಾಲು ಕಳೆದುಕೊಂಡವರು ಮುಂಬಯಿಯ ಚೋರ್ ಬಜಾರಿನಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದರು. ಅಲ್ಲಿ ಅಂಗಡಿಯವನ ಮುಖವಾದರೂ ಕಾಣುತ್ತಿತ್ತು. ಇಲ್ಲಿ ಕಾಣುವುದು ಒಂದು ಫೋಟೋ ಮಾತ್ರ. 2020ರ ಇ-ಕಾಮರ್ಸ್ ನಿಯಮಗಳಲ್ಲಿ, ಕಾಪಿರೈಟ್, ಟ್ರೇಡ್‌ಮಾರ್ಕ್, ಐಟಿ ಕಾಯ್ದೆಗಳಡಿ ತೆಗೆಸಿದ ಮಾಲನ್ನು ಮತ್ತೆ ಮತ್ತೆ ಇಡುವವರ ದಾಖಲೆಯನ್ನು ಕಂಪನಿಗಳು ಇಟ್ಟುಕೊಳ್ಳಲು ಪ್ರಯತ್ನಿಸಬೇಕು ಎಂದಿದೆ. ಆ ಸಾಲಿನಲ್ಲಿ ಕದ್ದ ಮಾಲಿನ ಹೆಸರಿಲ್ಲ! ದೊಡ್ಡ ಕಂಪನಿಗಳ ಬ್ರಾಂಡಿಗೆ ಇರುವ ಕಾವಲು ನಮ್ಮ ಗ್ರೈಂಡರಿಗೆ ಬೇಡವೇ?

ಕಳುವಾದ ಮೊಬೈಲನ್ನು ಐಎಂಇಐ ನಂಬರಿನಿಂದ ಬಂದ್ ಮಾಡುವ ಸಿಇಐಆರ್ ವ್ಯವಸ್ಥೆ 2023ರಿಂದ ದೇಶದೆಲ್ಲೆಡೆ ಇದೆ. ಹಳೆಯ ಫೋನ್ ಕೊಳ್ಳುವ ಮುಂಚೆ ನಂಬರ್ ಹಾಕಿ ನೋಡಲೂಬಹುದು. ಹಳೆಯ ಮಷೀನ್ ಮಾರುವವನು ನಂಬರ್ ಪ್ಲೇಟಿನ ಫೋಟೋ ಮತ್ತು ಬಿಲ್ ಹಾಕಲೇಬೇಕು ಎಂದು ಈ ಕಂಪನಿಗಳು ಹೇಳಿದರೆ ಅರ್ಧ ಕಳ್ಳರು ಅಲ್ಲೇ ನಿಲ್ಲುತ್ತಾರೆ. ಇದನ್ನು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಗೆ ನಮ್ಮ ಸಂಘವೇ ಬರೆಯಬೇಕು. ಒಬ್ಬೊಬ್ಬರೇ ಬರೆದರೆ 'ತಲುಪಿದೆ' ಎಂಬ ಉತ್ತರವೇ ಗತಿ.

ನಮ್ಮ ತಾಯಂದಿರು ಒಂದು ಲೋಟವನ್ನೂ ಹೆಸರು ಕೆತ್ತಿಸದೆ ಮದುವೆ ಮನೆಗೆ ಕಳಿಸುತ್ತಿರಲಿಲ್ಲ. ನಾವು ಅಷ್ಟು ದುಡ್ಡಿನ ಮಷೀನನ್ನು ಗುರುತಿಲ್ಲದೆ ಇಟ್ಟುಕೊಂಡಿದ್ದೆವು. ಈಗ ಹೊಸ ಗ್ರೈಂಡರಿನ ಡ್ರಮ್ಮಿನ ಮೇಲೂ ತಳದಲ್ಲೂ ಹೋಟೆಲಿನ ಹೆಸರು ಕೊರೆಸಿದ್ದೇವೆ. ಬಿಲ್ಲಿನ ಒಂದು ಝೆರಾಕ್ಸ್ ಮನೆಯಲ್ಲಿದೆ.

ಸಂಘದ ಕಚೇರಿಯಲ್ಲಿ ಸದಸ್ಯರ ಮಷೀನುಗಳ ನಂಬರ್ ಬರೆದಿಡಲು ಒಂದು ರಿಜಿಸ್ಟರ್ ತೆರೆದರೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಅಲ್ಲಿಗೆ ಫೋನ್ ಮಾಡಿ ಕೇಳಬಹುದು. ಮುಂದಿನ ಸಭೆಗೆ ಬರುವಾಗ ನಿಮ್ಮ ಪಟ್ಟಿ ತನ್ನಿ. ನಮ್ಮದು ಬರೆದಾಗಿದೆ.