ಕಡಲಾಚೆಯ ವಿದ್ಯೆ, ಎರೆಹೊಲದ ಲೆಕ್ಕ

ನವಲಗುಂದ-ಸಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟು ಹೋದರು. ಇಂದು ಅದೇ ಸೀಮೆಯಿಂದ ಹೊರದೇಶಕ್ಕೆ ಹೊರಡುವ ಅನೇಕ ತರುಣ ತರುಣಿಯರ ಬೆನ್ನಿಗಿರುವುದು ದತ್ತಿಯಲ್ಲ, ಸಾಲ. ಆ ಸಾಲದ ಬೆನ್ನಿಗೆ ತಂದೆಯ ಹೊಲವೋ ಮನೆಯೋ ನಿಂತಿರುತ್ತದೆ. ಆದುದರಿಂದ ಪೆಟ್ಟಿಗೆ ಕಟ್ಟುವ ಮೊದಲು ಮನೆಮಂದಿಯೆಲ್ಲ ಕುಳಿತು ಲೆಕ್ಕ ಮಾಡುವುದು ಅವಶ್ಯ.

ಏಳೂವರೆ ಲಕ್ಷ ರೂಪಾಯಿಗಿಂತ ಮೇಲಿನ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡವು ಕೇಳುತ್ತವೆ. ಹತ್ತೆಕರೆ ಎರೆಹೊಲದ ಉತಾರವನ್ನು ಹಿಡಿದು ಹೋದ ರೈತನಿಗೆ ಅಲ್ಲಿ ಆಶ್ಚರ್ಯ ಕಾದಿರುತ್ತದೆ. 2002ರ ಸಾಲ ವಸೂಲಿ ಕಾಯಿದೆಯು ಸಾಗುವಳಿ ಭೂಮಿಗೆ ಅನ್ವಯಿಸದಿರುವುದರಿಂದ ಬ್ಯಾಂಕುಗಳು ಅಂಥ ಭೂಮಿಯನ್ನು ಅಡವಾಗಿ ಹಿಡಿಯಲು ಹಿಂಜರಿಯುತ್ತವೆ, ಮನೆಯನ್ನೋ ಎನ್.ಎ. ಆದ ನಿವೇಶನವನ್ನೋ ಕೇಳುತ್ತವೆ. ಇದು ತಡವಾಗಿ ತಿಳಿದಾಗಲೇ ಹೊಲ ಮಾರುವ ಮಾತು, ಇಲ್ಲವೆ ಕೈಬಡ್ಡಿಯ ಸಾಲ, ಮನೆಯನ್ನು ಹೊಗುವುದು. ಪ್ರವೇಶಪತ್ರ ಬರುವ ಮೊದಲೇ ಬ್ಯಾಂಕಿನ ಅಧಿಕಾರಿಯನ್ನು ಕಂಡು ಕೇಳಿಕೊಂಡರೆ ಈ ಅವಸರ ತಪ್ಪುತ್ತದೆ.

ಇನ್ನು, “ಅಲ್ಲಿ ದುಡಿದು ಫೀ ಕಟ್ಟಿಕೊಳ್ಳುತ್ತಾನೆ ಬಿಡ್ರಿ” ಎಂಬ ಏಜಂಟರ ಮಾತು. ಇದನ್ನು ಅಂಕಿಗಳಿಂದಲೇ ಪರೀಕ್ಷಿಸಬೇಕು. ಬ್ರಿಟನ್ನಿನಲ್ಲಿ ಪದವಿ ಓದುವವನು ಪಾಠದ ದಿನಗಳಲ್ಲಿ ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಲಿ 21 ವರ್ಷ ತುಂಬಿದವರಿಗೆ ನಿಗದಿಯಾದ ಕನಿಷ್ಠ ಕೂಲಿ ತಾಸಿಗೆ 12.21 ಪೌಂಡು. ವಾರಕ್ಕೆ 244, ತಿಂಗಳಿಗೆ ಸುಮಾರು 1,058. ಅದೇ ವರ್ಷದ ಆರಂಭದಲ್ಲಿ ಅಲ್ಲಿನ ಸರಕಾರವೇ ಲಂಡನ್ನಿನ ಹೊರಗೆ ಬದುಕಲು ತಿಂಗಳಿಗೆ ಬೇಕೆಂದು ಇಟ್ಟ ಮೊತ್ತ 1,136 ಪೌಂಡು. ಒಂದು ವಾರವೂ ತಪ್ಪದೆ ಕೆಲಸ ಸಿಕ್ಕರೂ ಊಟ-ಬಾಡಿಗೆಗೇ ಸಾಲದು. ಫೀಯ ಮಾತೆಲ್ಲಿ ಬಂತು?

ಮಿತಿ ಮೀರಿ ಗುಟ್ಟಾಗಿ ದುಡಿದವನು ವೀಸಾ ಕಳೆದುಕೊಳ್ಳಬಹುದು. ಆಗ ಪದವಿಯೂ ಇಲ್ಲ, ನೌಕರಿಯೂ ಇಲ್ಲ. ಸಾಲ ಮಾತ್ರ ಊರಲ್ಲಿ ಕುಳಿತಿರುತ್ತದೆ. ಆ್ಯಪಿನ ಮೂಲಕ ಮನೆಮನೆಗೆ ಊಟ ತಲುಪಿಸುವುದು ಸ್ವಂತ ಉದ್ಯೋಗವೆಂದು ಎಣಿಸಲ್ಪಡುವಲ್ಲಿ ಅಲ್ಲಿನ ವಿದ್ಯಾರ್ಥಿಗೆ ಅದೂ ನಿಷಿದ್ಧ. ಬೇರೆ ದೇಶಗಳ ಕಟ್ಟಳೆ ಬೇರೆ: ಕೆನಡಾದಲ್ಲಿ 2024ರ ನವೆಂಬರಿನಿಂದ ಕಾಲೇಜಿನ ಹೊರಗೆ ವಾರಕ್ಕೆ 24 ತಾಸು, ಆಸ್ಟ್ರೇಲಿಯದಲ್ಲಿ 2023ರ ಜುಲೈಯಿಂದ ಹದಿನೈದು ದಿನಕ್ಕೆ 48 ತಾಸು, ಜರ್ಮನಿಯಲ್ಲಿ 2024ರಿಂದ ವರ್ಷಕ್ಕೆ 140 ಪೂರ್ಣ ದಿನ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವರ್ಷದ ನಿಯಮವನ್ನೇ ನೋಡತಕ್ಕದ್ದು.

ಬ್ರಿಟನ್ನಿನ ವೀಸಾಕ್ಕೆ ತೋರಿಸುವ ಹಣ 28 ದಿನ ಸತತವಾಗಿ ಖಾತೆಯಲ್ಲಿರಬೇಕು. ಹಿಂಗಾರಿಯ ಕಡಲೆ, ಜೋಳ ಮಾರಿದ ಹಣ ಬೇಸಗೆಯ ಹೊತ್ತಿಗೆ ಕೈಸೇರುವುದರಿಂದ ಸಪ್ಟೆಂಬರಿನ ಪ್ರವೇಶಕ್ಕೆ ಅನುಕೂಲವೇ ಸರಿ. ಒಮ್ಮೆಲೇ ಜಮೆಯಾದ ಮೊತ್ತಕ್ಕೆ ವಿವರಣೆ ಕೇಳಬಹುದು; ಅಡತಿ ಅಂಗಡಿಯ ಪಟ್ಟಿಗಳನ್ನು ಎಸೆಯಬಾರದು.

ಹೆಸರಿನ ತೊಡಕು ಚಿಕ್ಕದೆನಿಸಿದರೂ ಬಹಳ ಕಾಡುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಆಧಾರದಲ್ಲಿ ಇಲ್ಲವೇ ಇಲ್ಲ! ಹುಬ್ಬಳ್ಳಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗುವ ಮುಂಚೆಯೇ ಎಲ್ಲವನ್ನೂ ಒಂದಾಗಿಸಿಕೊಳ್ಳುವುದು ಲೇಸು.

ಹೊಲವೇ ಇಲ್ಲದ ಮನೆಯ ಮಕ್ಕಳಿಗೂ ದಾರಿಯಿದೆ. ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿಯವರಿಗಲ್ಲದೆ ಭೂಹೀನ ಕೃಷಿಕೂಲಿಗಳ ಹಾಗೂ ಪರಂಪರಾಗತ ಕುಶಲಕರ್ಮಿಗಳ ಮಕ್ಕಳಿಗೂ ಉಂಟು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು. ನವಲಗುಂದದಲ್ಲಿ ಜಮಖಾನೆ ನೇಯುವ ಮನೆಗಳಿಗೂ ಈ ಸುದ್ದಿ ತಲುಪಬೇಕು. ಸ್ಥಾನಗಳು ಕೆಲವೇ. ಅರ್ಜಿಯ ದಿನ ಪ್ರಕಟವಾಗುವ ಮೊದಲೇ ತಹಸೀಲ್ದಾರ ಕಚೇರಿಯಿಂದ ಆದಾಯದ ಪತ್ರವನ್ನು ಪಡೆದಿಟ್ಟುಕೊಳ್ಳತಕ್ಕದ್ದು.