ಕಾರು ಬಂತು, ಇನ್ಶೂರೆನ್ಸ್ ಯಾರ ಹೆಸರಲ್ಲಿ?

ಡಿಸೆಂಬರಿನ ಒಂದು ಭಾನುವಾರ ರಾತ್ರಿ ಹತ್ತೂವರೆ. ಪಾತ್ರೆ ತೊಳೆದಿಟ್ಟು, ಬೆಳಗಿನ ದೋಸೆ ಹಿಟ್ಟು ಮುಚ್ಚಿಟ್ಟು ಇನ್ನೇನು ಅಡುಗೆಮನೆ ದೀಪ ಆರಿಸಬೇಕು, ಇಂಗ್ಲೆಂಡಿನಿಂದ ತಂಗಿಯ ಫೋನು. ಈ ಹೊತ್ತಲ್ಲಿ ಯಾಕಪ್ಪಾ ಅಂದುಕೊಳ್ಳುತ್ತಲೇ ಎತ್ತಿದರೆ ಆ ಕಡೆ ಅಳು. “ಅಕ್ಕಾ, ಕಾರನ್ನ ಪೊಲೀಸ್ನೋರು ಎಳ್ಕೊಂಡು ಹೋದ್ರು ಕಣೇ. ಮಗೂನ ಎತ್ಕೊಂಡು ಪೆಟ್ರೋಲ್ ಬಂಕ್ ಹತ್ರ ನಿಂತಿದೀವಿ, ಚಳಿ ಬೇರೆ.”

ಆ ಕಾರು ಅವರ ಕೈಗೆ ಬಂದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ!

ಆಗಿದ್ದಿಷ್ಟು. ತಂಗಿಯ ಗಂಡನಿಗೆ ಕೆಲಸ ಸಿಕ್ಕಿ ಅವರು ರೆಡ್ಡಿಂಗ್ ಊರಿಗೆ ಹೋಗಿ ಐದು ತಿಂಗಳಾಗಿತ್ತು. ಬಸ್ಸು, ರೈಲು, ಮಗುವಿನ ತಳ್ಳುಗಾಡಿ ಎಲ್ಲಾ ಸೇರಿ ಸಾಕಾಗಿತ್ತು. ಅಷ್ಟರಲ್ಲಿ ಊರಿಗೆ ವಾಪಸಾಗುತ್ತಿದ್ದ ನಮ್ಮವರದೇ ಒಂದು ಸಂಸಾರ ಎಂಟು ವರ್ಷದ ಸಣ್ಣ ಕಾರೊಂದನ್ನು ಮಾರುತ್ತಿದೆ ಅಂತ ಗೊತ್ತಾಯಿತು. ನೋಡಿದರು, ಹಿಡಿಸಿತು, ದುಡ್ಡು ಕೊಟ್ಟರು. “ಇನ್ಶೂರೆನ್ಸ್ ಇನ್ನೂ ನಾಲ್ಕು ತಿಂಗಳಿದೆ, ಆರಾಮಾಗಿ ಓಡಿಸಿಕೊಂಡು ಹೋಗಿ, ಆಮೇಲೆ ಹೆಸರು ಬದಲಾಯಿಸಿಕೊಂಡರಾಯಿತು” ಎಂದು ಅವರೂ ಒಳ್ಳೆ ಮನಸ್ಸಿನಿಂದಲೇ ಹೇಳಿದರು. ದಾರಿಯಲ್ಲಿ ಹಿಂದಿನ ಬ್ರೇಕ್ ಲೈಟ್ ಒಂದು ಉರಿಯುತ್ತಿಲ್ಲ ಅಂತ ಪೊಲೀಸರು ನಿಲ್ಲಿಸಿದರು. ಹೆಸರು ಕೇಳಿದರು, ಕಂಪ್ಯೂಟರಿನಲ್ಲಿ ನೋಡಿದರು. ಕಾರಿಗೆ ಪಾಲಿಸಿಯೇನೋ ಇದೆ, ಆದರೆ ಅದರಲ್ಲಿರುವ ಹೆಸರು ಬೇರೆಯವರದು. ಓಡಿಸುತ್ತಿರುವವರಿಗೆ ಇನ್ಶೂರೆನ್ಸ್ ಇಲ್ಲ. ಮುಗೀತು ಕಥೆ.

ಮಾರಿದವರನ್ನು ದೂರಿ ಏನು ಪ್ರಯೋಜನ ಹೇಳಿ? ನಮ್ಮೂರಿನ ಲೆಕ್ಕದಲ್ಲಿ ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಗಾಡಿ ಕೈ ಬದಲಾಯಿಸಿದರೆ ಅದರ ಇನ್ಶೂರೆನ್ಸೂ ಕೊಂಡವರಿಗೆ ವರ್ಗವಾಯಿತು ಎಂದೇ ಎಣಿಸುತ್ತಾರೆ. ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಬೇಕು. (ನಮ್ಮ ಗಾಡಿಗಾಗುವ ಪೆಟ್ಟಿನ ಭಾಗ ತಾನಾಗಿ ಬರುವುದಿಲ್ಲ, ಅದು ಬೇರೆ ಮಾತು.) ನಮ್ಮಲ್ಲಿ ಇನ್ಶೂರೆನ್ಸ್ ಗಾಡಿಯ ಬೆನ್ನು ಹತ್ತಿ ಬರುತ್ತದೆ. ಬ್ರಿಟನ್ನಿನಲ್ಲಿ ಅದು ಮನುಷ್ಯರ ಬೆನ್ನು ಹತ್ತಿರುತ್ತದೆ. ಮಾರಿದವರ ಪಾಲಿಸಿ ಮಾರಿದವರಿಗೇ, ಕೊಂಡವರು ಕೀ ತಿರುಗಿಸುವ ಮೊದಲೇ ತಮ್ಮದನ್ನು ಮಾಡಿಸಿರಬೇಕು. ಇದೊಂದು ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಮಕ್ಕಳು, ತಂಗಿಯರು, ನಾದಿನಿಯರು ಅಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ಪೇಚು ಅಂದರೆ ಸಣ್ಣದಲ್ಲ. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ ಅಲ್ಲೇ 300 ಪೌಂಡ್ ದಂಡ, ಲೈಸೆನ್ಸ್ ದಾಖಲೆಗೆ 6 ಪೆನಾಲ್ಟಿ ಪಾಯಿಂಟ್. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯೇ ಇಲ್ಲ, ಓಡಿಸದಂತೆ ನಿಷೇಧವೂ ಬರಬಹುದು. ಕಾರು ಬಿಡಿಸಿಕೊಳ್ಳಲು ಎಳೆದೊಯ್ದ ಖರ್ಚು, ದಿನಕ್ಕಿಷ್ಟು ಅಂತ ಬಾಡಿಗೆ. ಅದಕ್ಕೂ ಮೊದಲು ಇನ್ಶೂರೆನ್ಸ್ ತೋರಿಸಬೇಕು, ಜಪ್ತಿಯಾದ ಕಾರನ್ನು ಬಿಡಿಸಲು ಎಲ್ಲಾ ಪಾಲಿಸಿಗಳೂ ಆಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಮುಂದೆ ಐದು ವರ್ಷ ಯಾವ ಕಂಪನಿಯ ಫಾರಂ ತುಂಬಿದರೂ “ನಿಮಗೆ ಶಿಕ್ಷೆಯಾಗಿದೆಯೇ?” ಎಂಬ ಪ್ರಶ್ನೆಗೆ ಹೌದು ಅನ್ನಬೇಕು, ಆ ಹೌದಿಗೆ ತಕ್ಕಂತೆ ಪ್ರೀಮಿಯಂ ಏರುತ್ತದೆ. ಇಷ್ಟಕ್ಕೇ ಆಯಿತಲ್ಲ ಅಂತ ನಾನು ದೇವರಿಗೆ ಕೈಮುಗಿದೆ. ಆ ಒಂದು ಗಂಟೆಯಲ್ಲಿ ಯಾರಿಗಾದರೂ ಗುದ್ದಿದ್ದರೆ? ಗಾಯವಾದವರಿಗೆ ಅಲ್ಲಿನ ಮೋಟಾರ್ ಇನ್ಶೂರರ್ಸ್ ಬ್ಯೂರೋ ಪರಿಹಾರ ಕೊಡುತ್ತದೆ, ಆಮೇಲೆ ಆ ಹಣಕ್ಕಾಗಿ ಇನ್ಶೂರೆನ್ಸ್ ಇಲ್ಲದೆ ಓಡಿಸಿದವರ ಬೆನ್ನು ಬೀಳಬಹುದು. ಜೀವಮಾನದ ಸಂಬಳ ಸಾಲದು.

ಮೊದಲು ಪಾಲಿಸಿ, ಆಮೇಲೆ ಕೀ

ಹಾಗಾದರೆ ಹೇಗೆ ಮಾಡಬೇಕಿತ್ತು? ನಿಜಕ್ಕೂ ಕಷ್ಟವಿಲ್ಲ. ಕಾರಿನ ನಂಬರ್ ಒಂದಿದ್ದರೆ ಸಾಕು, ಕೊಳ್ಳುವ ಮೊದಲೇ ಕಂಪನಿಗಳಿಂದ ದರ ಕೇಳಬಹುದು. ಎಷ್ಟೋ ಸಲ ಕಾರಿನ ಬೆಲೆಗಿಂತ ಮೊದಲ ವರ್ಷದ ಪ್ರೀಮಿಯಮ್ಮೇ ಹೊಟ್ಟೆ ಉರಿಸುತ್ತದೆ. ಆದ್ದರಿಂದ ಕಾರು ಮನಸ್ಸಿಗೆ ಬಂದಮೇಲೆ ದರ ಕೇಳುವುದಲ್ಲ, ದರ ಕೇಳಿಕೊಂಡೇ ಕಾರು ನೋಡಲು ಹೋಗಬೇಕು. ಅದೇ ನಂಬರ್ ಹಾಕಿ ಸರ್ಕಾರದ ತಾಣದಲ್ಲಿ ಎಂ.ಓ.ಟಿ. ಪರೀಕ್ಷೆಯ ಇತಿಹಾಸವನ್ನು ಪುಕ್ಕಟೆಯಾಗಿ ನೋಡಬಹುದು. ಎಂ.ಓ.ಟಿ. ಅಂದರೆ ನಮ್ಮ ಎಫ್.ಸಿ. ಇದ್ದಹಾಗೆ, ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಆಗಬೇಕು. ಯಾವ ವರ್ಷ ಯಾವ ದೋಷಕ್ಕೆ ಫೇಲ್ ಆಗಿತ್ತು, ಆಗ ಎಷ್ಟು ಮೈಲಿ ಓಡಿತ್ತು ಎಲ್ಲಾ ಅಲ್ಲಿರುತ್ತದೆ. ಇನ್ನಷ್ಟು ಪೌಂಡ್ ಕೊಟ್ಟು ಕಾರಿನ ಮೇಲೆ ಸಾಲ ಇದೆಯೇ, ಹಿಂದೆ ಅಪಘಾತವಾಗಿ ಇನ್ಶೂರೆನ್ಸಿನವರು ಕೈಬಿಟ್ಟ ಕಾರೇ ಎಂದೂ ತಿಳಿಯಬಹುದು. ಅಂಥ ಕಾರಿಗೆ ‘ಎಸ್’ ಅಥವಾ ‘ಎನ್’ ವರ್ಗದ ಗುರುತಿರುತ್ತದೆ. ರಿಪೇರಿಯಾಗಿ ರಸ್ತೆಗೆ ಬಂದಿರಬಹುದು, ಆದರೆ ಕೆಲವು ಕಂಪನಿಗಳು ಅದನ್ನು ಮುಟ್ಟುವುದಿಲ್ಲ.

ಕಾರು ತರುವ ದಿನ, ಮಾರುವವರ ಮನೆಯ ಮುಂದೆ ನಿಂತೇ ಫೋನಿನಲ್ಲಿ ಪಾಲಿಸಿ ಮಾಡಿಸಬಹುದು. ಅದು ಶುರುವಾಗುವ ಗಂಟೆಯನ್ನು ಗಮನಿಸಿ, ಆ ಗಂಟೆಗೆ ಮೊದಲು ಓಡಿಸುವಂತಿಲ್ಲ. ಒಂದು ದಿನಕ್ಕೆ, ಒಂದು ವಾರಕ್ಕೆ ಮಾತ್ರ ಸಿಗುವ ತಾತ್ಕಾಲಿಕ ಪಾಲಿಸಿಗಳೂ ಉಂಟು, ಆದರೆ ಹೊಸದಾಗಿ ಹೋದ ನಮ್ಮ ಲೈಸೆನ್ಸಿನವರಿಗೆ ಎಲ್ಲರೂ ಕೊಡುವುದಿಲ್ಲ. ಟೆಸ್ಟ್ ಡ್ರೈವ್‌ಗೂ ಇದೇ ಮಾತು. ಡೀಲರ್ ಹತ್ತಿರವಾದರೆ ಸಾಮಾನ್ಯವಾಗಿ ಅವರ ಪಾಲಿಸಿ ನಡೆಯುತ್ತದೆ, ಕೇಳಿ ಖಚಿತ ಮಾಡಿಕೊಳ್ಳಿ. ಮನೆಯವರಿಂದ ಕೊಳ್ಳುವಾಗ “ಒಂದು ರೌಂಡ್ ಹೋಗಿ ಬನ್ನಿ” ಅಂದರೆ ಹಿಗ್ಗಿ ಕೂರಬೇಡಿ!

ರಸ್ತೆ ತೆರಿಗೆಯೂ 2014ರ ಅಕ್ಟೋಬರಿನಿಂದ ಕಾರಿನ ಜೊತೆ ಬರುವುದಿಲ್ಲ. ಮಾರಿದವರು ಕೊಡುವ ಲಾಗ್ ಬುಕ್ಕಿನ ಹಸಿರು ಚೀಟಿಯಲ್ಲಿರುವ ಸಂಖ್ಯೆ ಹಾಕಿ ಅಲ್ಲೇ ಕಟ್ಟಿಬಿಡಬಹುದು. ಆ ಲಾಗ್ ಬುಕ್, ನಮ್ಮ ಆರ್.ಸಿ. ಪುಸ್ತಕದ ಹಾಗೆ ಕಾಣುತ್ತದೆಯೇ ಹೊರತು ಮಾಲೀಕತ್ವದ ಪುರಾವೆಯಲ್ಲ, ಅದರ ಮೇಲೇ ಹಾಗೆಂದು ಅಚ್ಚಾಗಿದೆ. ದುಡ್ಡು ಕೊಟ್ಟದ್ದಕ್ಕೆ ರಸೀದಿ ಬರೆಸಿಕೊಳ್ಳಿ.

ಇನ್ನು ಲೈಸೆನ್ಸ್. ಅಲ್ಲಿ ನೆಲೆಸಲು ಹೋದ ದಿನದಿಂದ 12 ತಿಂಗಳು ನಮ್ಮ ಲೈಸೆನ್ಸಿನಲ್ಲೇ ಓಡಿಸಬಹುದು. ಆಮೇಲೆ ನಡೆಯುವುದಿಲ್ಲ. ಕೆಲವು ದೇಶದವರಂತೆ ಅದನ್ನು ಕೊಟ್ಟು ಬ್ರಿಟಿಷ್ ಲೈಸೆನ್ಸ್ ಪಡೆಯುವ ಭಾಗ್ಯ ನಮಗಿಲ್ಲ, ಥಿಯರಿಯೂ ರಸ್ತೆ ಪರೀಕ್ಷೆಯೂ ಪಾಸಾಗಲೇಬೇಕು. ಪ್ರೀಮಿಯಂ ಇಳಿಯಲಿ ಅಂತ ಫಾರಮಿನಲ್ಲಿ ‘ಬ್ರಿಟಿಷ್ ಲೈಸೆನ್ಸ್’ ಎಂದು ಗುರುತು ಹಾಕುವ ಬುದ್ಧಿವಂತರಿದ್ದಾರೆ. ಕ್ಲೇಮಿನ ದಿನ ಆ ಬುದ್ಧಿವಂತಿಕೆ ಹೊರಬೀಳುತ್ತದೆ. ಹೋಗುವ ಮುನ್ನ ಇಲ್ಲಿನ ಕಂಪನಿಯಿಂದ ನೋ ಕ್ಲೇಮ್ ಬೋನಸ್ಸಿನ ಪತ್ರವೊಂದನ್ನು ತೆಗೆದುಕೊಂಡು ಹೋಗಲು ಹೇಳಿ. ಒಪ್ಪುವ ಕಂಪನಿಗಳು ಕಡಿಮೆ, ಆದರೆ ಒಂದು ಹಾಳೆಯ ಭಾರವೆಷ್ಟು?

ಅಗ್ಗಕ್ಕೆ ಆಸೆಪಡುವವರಿಗೆ ಬಲೆಯೂ ಇದೆ. ವಾಟ್ಸ್‌ಆ್ಯಪಿನಲ್ಲಿ, ಫೇಸ್‌ಬುಕ್ಕಿನಲ್ಲಿ “ಅರ್ಧ ಬೆಲೆಗೆ ಪಾಲಿಸಿ ಮಾಡಿಸಿಕೊಡ್ತೀನಿ” ಎನ್ನುವ ಮಧ್ಯವರ್ತಿಗಳು ಬರುತ್ತಾರೆ. ಅವರು ಕೊಡುವ ಕಾಗದ ಖೋಟಾ, ಇಲ್ಲವೇ ಸುಳ್ಳು ವಿವರ ತುಂಬಿ ಮಾಡಿಸಿದ ಪಾಲಿಸಿ. ನಮ್ಮ ಭಾಷೆಯವರೇ ಅಂತ ನಂಬಿ ಕೊಟ್ಟ ದುಡ್ಡು ಹೋಯಿತು ಅಂದುಕೊಳ್ಳಿ, ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಶಿಕ್ಷೆಯೂ ನಿಮಗೇ. ನಿಮ್ಮ ಕಾರು ದಾಖಲೆಯಲ್ಲಿ ಇದೆಯೇ ಎಂದು ಮೋಟಾರ್ ಇನ್ಶೂರರ್ಸ್ ಬ್ಯೂರೋದ ತಾಣದಲ್ಲಿ ನಂಬರ್ ಹಾಕಿ ಉಚಿತವಾಗಿ ನೋಡಬಹುದು.

ಹೆಂಡತಿಯ ಹೆಸರು ಎಲ್ಲಿದೆ?

ನಾನು ಈ ಲೇಖನ ಬರೆಯಲು ಕೂತದ್ದು ಮುಖ್ಯವಾಗಿ ಇದಕ್ಕೆ. ಕಾರು ಬಿಡಿಸಿಕೊಂಡು ಬಂದಮೇಲೆ ಹೊಸ ಪಾಲಿಸಿ ಮಾಡಿಸುವಾಗ ತಂಗಿಯ ಗಂಡ ಮುಖ್ಯ ಚಾಲಕ ಅಂತ ತನ್ನ ಹೆಸರು ಬರೆದು, ಅವಳನ್ನು ‘ಇನ್ನೊಬ್ಬ ಚಾಲಕಿ’ ಎಂದು ಸೇರಿಸಿದ. ಅವನದ್ದೇನೂ ದುರುದ್ದೇಶವಿಲ್ಲ, ಹಾಗೆ ಬರೆದರೆ ಪ್ರೀಮಿಯಂ ಸ್ವಲ್ಪ ಕಡಿಮೆ ತೋರಿಸಿತು. ಆದರೆ ಓಡಿಸುವವರು ಯಾರು? ಅವನು ದಿನಾ ರೈಲಿನಲ್ಲಿ ಲಂಡನ್ನಿಗೆ ಹೋಗುತ್ತಾನೆ. ಮಗುವನ್ನು ನರ್ಸರಿಗೆ ಬಿಡುವುದು, ಡಾಕ್ಟರು, ಸೋನಾಮಸೂರಿ ಅಕ್ಕಿ ಸಿಗುವ ಅಂಗಡಿ, ಎಲ್ಲವೂ ಅವಳದೇ. ನಾನು ಫೋನಿನಲ್ಲಿ ಕೇಳಿದೆ, “ಹೆಚ್ಚು ಓಡಿಸೋಳು ನೀನು, ಮುಖ್ಯ ಚಾಲಕ ಅವನು ಹೇಗಾದ?” “ಅಯ್ಯೋ ಬಿಡೇ ಅಕ್ಕ, ಪೇಪರ್ ವಿಷಯ ಎಲ್ಲಾ ಅವರೇ ನೋಡ್ಕೊಳ್ತಾರೆ” ಅಂದಳು.

ಪೇಪರ್ ವಿಷಯ ಅವರು ನೋಡಿಕೊಳ್ತಾರೆ! ನಾವೆಲ್ಲಾ ಹೇಳುವ ಮಾತೇ. ಆದರೆ ಅಲ್ಲಿನ ಕಾನೂನಿಗೆ ಇದು ಸಣ್ಣ ಹೊಂದಾಣಿಕೆಯಲ್ಲ, ಸುಳ್ಳು ಹೇಳಿಕೆ. ಕಂಪನಿಯ ಪ್ರಶ್ನೆಗಳಿಗೆ ಎಚ್ಚರಿಕೆಯಿಂದ ನಿಜ ಹೇಳುವುದು ಗ್ರಾಹಕರ ಹೊಣೆ ಎಂದು 2012ರ ಕಾಯ್ದೆಯೇ ಇದೆ. ಗೊತ್ತಿದ್ದೂ ತಪ್ಪು ಬರೆದರೆ ಕ್ಲೇಮ್ ತಿರಸ್ಕರಿಸಬಹುದು, ಪಾಲಿಸಿ ರದ್ದು ಮಾಡಬಹುದು. ಆಮೇಲೆ “ಹಿಂದೆ ಯಾವುದಾದರೂ ಪಾಲಿಸಿ ರದ್ದಾಗಿತ್ತೇ?” ಎಂಬ ಪ್ರಶ್ನೆಗೂ ಹೌದು.

ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಲೇಮ್ ಇಲ್ಲದ ಪ್ರತಿ ವರ್ಷಕ್ಕೆ ಸಿಗುವ ರಿಯಾಯಿತಿ ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೆ. ಜೊತೆಗೆ ಸೇರಿಸಿದ ಚಾಲಕರ ಹೆಸರಿಗೆ ಸಾಮಾನ್ಯವಾಗಿ ಏನೂ ಜಮೆಯಾಗುವುದಿಲ್ಲ. ಆರು ವರ್ಷ ಗೀಚೂ ಇಲ್ಲದೆ ಓಡಿಸಿದವಳು ಆರನೇ ವರ್ಷದ ಕೊನೆಗೆ ಸೊನ್ನೆ, ಓಡಿಸದ ಗಂಡ ಆರು ವರ್ಷದ ಅನುಭವಿ! ಅವಳಿಗೆ ಕೆಲಸ ಸಿಕ್ಕಿ ಎರಡನೇ ಕಾರು ಬೇಕಾದರೆ, ಅಥವಾ ದೇವರು ಹಾಗೆ ಮಾಡದಿರಲಿ, ಒಬ್ಬಳೇ ಆಗುವ ಪರಿಸ್ಥಿತಿ ಬಂದರೆ, ಹೊಸಬಳ ದರವನ್ನೇ ತೆರಬೇಕು. ಮನೆಯಲ್ಲಿ ನಾವು ಮಾಡುವ ಕೆಲಸ ಲೆಕ್ಕಕ್ಕೆ ಬರುವುದಿಲ್ಲ ಅಂತ ಗೊಣಗುತ್ತೇವೆ, ಲೆಕ್ಕಕ್ಕೆ ಬರುವ ಕೆಲಸವನ್ನೂ ನಾವಾಗಿಯೇ ಬಿಟ್ಟುಕೊಡುವುದೇ?

ಮೊದಲ ವರ್ಷ ಹೆಂಡತಿಯ ಹೆಸರಲ್ಲಿ ಮಾಡಿಸಿದರೆ ದುಬಾರಿಯಾಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ‘ಹೆಂಗಸರು’ ಎಂಬ ಕಾರಣಕ್ಕಲ್ಲ. ಯುರೋಪಿನ ನ್ಯಾಯಾಲಯ 2011ರಲ್ಲಿ ಕೊಟ್ಟ ತೀರ್ಪಿನಿಂದಾಗಿ 2012ರ ಡಿಸೆಂಬರ್ 21ರ ನಂತರ ಅಲ್ಲಿ ಹೆಣ್ಣು ಗಂಡು ನೋಡಿ ಪ್ರೀಮಿಯಂ ಹಾಕುವಂತಿಲ್ಲ. (ಅದಕ್ಕೆ ಮುಂಚೆ ಹೆಂಗಸರಿಗೇ ಕಡಿಮೆ ಇತ್ತು, ತೀರ್ಪಿನಿಂದ ಲಾಭವಾದದ್ದು ಹುಡುಗರಿಗೆ. ಇರಲಿ!) ಉದ್ಯೋಗದ ಕಾಲಂ ಬಂದಾಗ ಮಾತ್ರ ಹುಷಾರು. ಮನೆ ನೋಡಿಕೊಳ್ಳುವವಳು ‘ನಿರುದ್ಯೋಗಿ’ ಅಂತ ಬರೆದುಕೊಳ್ಳಬೇಕಿಲ್ಲ. ‘ಗೃಹಿಣಿ’ ಎಂಬುದಕ್ಕೆ ಪಟ್ಟಿಯಲ್ಲಿ ಬೇರೆಯೇ ಆಯ್ಕೆ ಇರುತ್ತದೆ, ಎರಡಕ್ಕೂ ದರ ಒಂದೇ ಬರಬೇಕೆಂದಿಲ್ಲ.

ದರ ಇಳಿಸಲು ‘ಎಕ್ಸೆಸ್’ ಏರಿಸಿಕೊಳ್ಳುವ ಆಸೆಯೂ ಬೇಡ. ಎಕ್ಸೆಸ್ ಅಂದರೆ ಕ್ಲೇಮಿನಲ್ಲಿ ನಾವು ಕೈಯಿಂದ ಹಾಕಬೇಕಾದ ಭಾಗ. ಕಡ್ಡಾಯದ್ದು 250, ನಾವಾಗಿ ಒಪ್ಪಿದ್ದು 500 ಆದರೆ 600 ಪೌಂಡಿನ ಪೆಟ್ಟಿಗೆ ಕಂಪನಿಯಿಂದ ಬಿಡಿಗಾಸೂ ಬರುವುದಿಲ್ಲ. ಬರೀ ಥರ್ಡ್ ಪಾರ್ಟಿ ಮಾಡಿಸಿದರೆ ಅಗ್ಗ ಎಂಬ ನಮ್ಮೂರ ಲೆಕ್ಕವೂ ಅಲ್ಲಿ ಉಲ್ಟಾ ಹೊಡೆಯಬಹುದು, ಎಷ್ಟೋ ಸಲ ಪೂರ್ಣ ವಿಮೆಯೇ ಕಡಿಮೆಗೆ ಸಿಗುತ್ತದೆ. ಎರಡನ್ನೂ ಕೇಳಿ ನೋಡಿ. ತಿಂಗಳ ಕಂತು ಅಂದರೆ ಸಾಮಾನ್ಯವಾಗಿ ಬಡ್ಡಿಯ ಸಾಲ, ಸಾಧ್ಯವಾದರೆ ಒಟ್ಟಿಗೇ ಕಟ್ಟುವುದು ವಾಸಿ. ತಪ್ಪಾಗಿ ಮಾಡಿಸಿಬಿಟ್ಟಿರಾ? 14 ದಿನದೊಳಗೆ ಹಿಂತೆಗೆದುಕೊಳ್ಳುವ ಹಕ್ಕಿದೆ. ಓಡಿಸಿದ ದಿನಗಳ ಹಣ, ಒಂದಿಷ್ಟು ಶುಲ್ಕ ಹಿಡಿದುಕೊಳ್ಳುತ್ತಾರೆ ಅಷ್ಟೆ.

ತಂಗಿ ಆ 14 ದಿನದ ಹಕ್ಕನ್ನೇ ಬಳಸಿದಳು. ಗಂಡನ ಜೊತೆ ಒಂದು ಸಂಜೆ ಜಟಾಪಟಿಯಾಯಿತಂತೆ, “ನನ್ನ ಮೇಲೆ ನಂಬಿಕೆ ಇಲ್ವಾ?” ಅಂತ ಅವನು, “ನಂಬಿಕೆ ಅಲ್ಲ, ಓಡಿಸೋದು ನಾನಲ್ವಾ?” ಅಂತ ಇವಳು. ಕೊನೆಗೆ ಅವನೇ ಕೂತು ಫಾರಂ ತುಂಬಿಕೊಟ್ಟ. ಮುಖ್ಯ ಚಾಲಕಿ ಇವಳು, ಜೊತೆಗೆ ಅವನು. ಅವನ ಹೆಸರಿನ ಶಿಕ್ಷೆ ಇಬ್ಬರ ದರವನ್ನೂ ಏರಿಸಿದ್ದರಿಂದ ಹೊರೆ ಜಾಸ್ತಿಯೇ ಆಯಿತು. ಆ ವರ್ಷ ಊರಿಗೆ ಬರುವುದನ್ನು ಮುಂದೂಡಿದರು, ಅಮ್ಮ ಬೇಜಾರು ಮಾಡಿಕೊಂಡಳು.

ಈಗ ಅವಳು ಅಲ್ಲಿನ ಪರೀಕ್ಷೆಯನ್ನೂ ಎರಡನೇ ಸಲಕ್ಕೆ ಪಾಸು ಮಾಡಿಕೊಂಡಿದ್ದಾಳೆ. ಹೋದ ತಿಂಗಳು ಪಾಲಿಸಿ ನವೀಕರಣದ ಕಾಗದ ಬಂದಾಗ ಫೋಟೋ ತೆಗೆದು ಕಳಿಸಿದಳು. ಮೇಲೆ ಅವಳ ಹೆಸರು, ಕೆಳಗೆ ‘ನೋ ಕ್ಲೇಮ್: 2 ವರ್ಷ’. ನಾನು ಅದನ್ನು ನಮ್ಮ ಮನೆಯವರಿಗೆ ತೋರಿಸಿ, “ನಮ್ಮ ಕಾರಿನ ಪಾಲಿಸಿ ಎಲ್ಲಿಟ್ಟಿದೀರಿ, ಸ್ವಲ್ಪ ಕೊಡಿ ನೋಡೋಣ” ಅಂದೆ. ಬೀರುವಿನ ಯಾವ ಖಾನೆಯಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ.