ಬಿಗಿಯಾದುದೆಲ್ಲ ಭದ್ರವಲ್ಲ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ಹೆಸರಾದುದು. ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಕಾರಿನಲ್ಲಿ ನನ್ನನ್ನು ಆ ಊರಿಗೆ ಕರೆದೊಯ್ದನು. ಕಾರು ಹಳೆಯದು, ಆದರೆ ಅದರ ನಾಲ್ಕು ಚಕ್ರಗಳಿಗೂ ‘ಕಾಯ್ಲೋವರ್’ ಎಂಬ ಹೊಸ ಸಸ್ಪೆನ್ಷನ್ನು ಬಂದಿತ್ತು. ಕಾರಿನ ಮೈ ನೆಲಕ್ಕೆ ನಾಲ್ಕು ಸೆಂಟಿಮೀಟರಿನಷ್ಟು ಹತ್ತಿರವಾಗಿತ್ತು. “ರೇಸ್ ಕಾರಿಗೆ ಹಾಕುವಂಥದೇ ಸಾರ್. ಪೂರ್ತಿ ಬಿಗಿ ಮಾಡಿಸಿದ್ದೇನೆ. ಇನ್ನು ತಿರುವಿನಲ್ಲಿ ಕಾರು ರಸ್ತೆಗೆ ಅಂಟಿಕೊಂಡೇ ಇರುತ್ತದೆ” ಎಂದು ಹೆಮ್ಮೆಯಿಂದ ಹೇಳಿದನು.

ಊರು ಇನ್ನೂ ಸ್ವಲ್ಪ ದೂರವಿರುವಾಗ ಸಾಲಾಗಿ ತೇಪೆ ಹಾಕಿದ್ದ ಒಂದು ತಿರುವು ಬಂದಿತು. ವೇಗವೇನೂ ವಿಪರೀತವಾಗಿರಲಿಲ್ಲ, ಗಂಟೆಗೆ ಐವತ್ತು ಕಿಲೋಮೀಟರ್ ಇದ್ದಿರಬಹುದು. ತೇಪೆಗಳ ಮೇಲೆ ಚಕ್ರಗಳು ಪಟಪಟನೆ ಕುಪ್ಪಳಿಸಿದವು. ಸ್ಟಿಯರಿಂಗನ್ನು ತಿರುಗಿಸಿದರೂ ಕಾರು ತಿರುಗದೆ ಹೊರ ಅಂಚಿನ ಕಡೆಗೆ ಜಾರಿತು. ಆ ಅಂಚಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬರು ನಡೆದುಬರುತ್ತಿದ್ದರು. ಕಾರು ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು. ಹೊರೆ ನೆಲಕ್ಕೆ ಬಿದ್ದಿತು. ದೈವವಶಾತ್ ಬೇರೇನೂ ಆಗಲಿಲ್ಲ. ನಾವಿಬ್ಬರೂ ಇಳಿದು, ಕ್ಷಮೆ ಕೇಳಿ, ಹೊರೆಯನ್ನು ಎತ್ತಿಕೊಟ್ಟೆವು. ಊರು ಸೇರುವವರೆಗೆ ಹುಡುಗನು ಮಾತನಾಡಲಿಲ್ಲ. ಆ ಸಂಜೆ ಅವನಿಗೆ ನಾನು ಹೇಳಿದ ಮಾತುಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಸಸ್ಪೆನ್ಷನ್ನು ಬಿಗಿಯಾದಷ್ಟೂ ಹಿಡಿತ ಹೆಚ್ಚು, ಕಾರು ತಗ್ಗಾದಷ್ಟೂ ಭದ್ರ ಎಂಬ ನಂಬಿಕೆ ನಮ್ಮ ತರುಣರಲ್ಲಿ ಬೇರೂರಿದೆ. ಯಂತ್ರಗಳ ವಿಷಯದಲ್ಲಿಯೂ ಮೂಢನಂಬಿಕೆಗಳಿರುತ್ತವೆ. ಇದು ಅವುಗಳಲ್ಲೊಂದು ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ಸಾಧನವೇನೆಂಬುದನ್ನು ನೋಡೋಣ. ಷಾಕ್ ಅಬ್ಸಾರ್ಬರನ್ನು ನಡುವೆ ಇಟ್ಟು ಅದರ ಸುತ್ತ ಸುರುಳಿ ಸ್ಪ್ರಿಂಗನ್ನು ಕೂರಿಸಿದರೆ ಅದೇ ಕಾಯ್ಲೋವರ್. ಅಬ್ಸಾರ್ಬರಿನ ಕೊಳವೆಯ ಹೊರಮೈಯಲ್ಲಿ ತಿರುಪಿನ ಎಳೆಗಳಿರುತ್ತವೆ. ಸ್ಪ್ರಿಂಗಿನ ಕೆಳಗಣ ಬಳೆಯನ್ನು ಆ ಎಳೆಗಳ ಮೇಲೆ ತಿರುಗಿಸಿ ಕಾರಿನ ಮೈಯನ್ನು ಏರಿಸಬಹುದು, ಇಳಿಸಬಹುದು. ಇದಲ್ಲದೆ, ಉತ್ತಮ ದರ್ಜೆಯವುಗಳಲ್ಲಿ ಒಂದು ಗುಂಡಿಯೂ ಇರುತ್ತದೆ. ಅದನ್ನು ಟಿಕ್ ಟಿಕ್ ಎಂದು ತಿರುಗಿಸಿದರೆ ಅಬ್ಸಾರ್ಬರಿನೊಳಗಿನ ಎಣ್ಣೆ ಹರಿಯುವ ಕಿಂಡಿ ಕಿರಿದಾಗುತ್ತದೆ ಅಥವಾ ಹಿಗ್ಗುತ್ತದೆ. ಸ್ಪ್ರಿಂಗು ಪೆಟ್ಟನ್ನು ತಾಳಿಕೊಳ್ಳುತ್ತದೆ. ಎಣ್ಣೆ ಆ ಪೆಟ್ಟಿನ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸಿ ಕಂಪನವನ್ನು ಅಡಗಿಸುತ್ತದೆ. ಎರಡು ಕೆಲಸಗಳೂ ಬೇರೆ ಬೇರೆ.

ಇಲ್ಲಿಯೇ ಮೊದಲನೆಯ ತಪ್ಪು ತಿಳಿವಳಿಕೆ. ಬಳೆಯನ್ನು ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಸ್ಪ್ರಿಂಗಿನ ಬಿಗುವು ಅದರ ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಗುಣ ಇವುಗಳಿಂದ ನಿರ್ಧಾರವಾಗುವಂಥದು. ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬಿಗುವು ಏರುವುದರಿಂದ, ತಂತಿ ನೂರಕ್ಕೆ ೧೦ರಷ್ಟು ದಪ್ಪವಾದರೆ ಬಿಗುವು ಸುಮಾರು ನೂರಕ್ಕೆ ೪೬ರಷ್ಟು ಹೆಚ್ಚುತ್ತದೆ. ಬಳೆಯನ್ನು ಎಷ್ಟು ತಿರುಗಿಸಿದರೂ ಇವಾವುವೂ ಬದಲಾಗುವುದಿಲ್ಲ. ಕಾರಿನ ಎತ್ತರ ಮಾತ್ರ ಬದಲಾಗುತ್ತದೆ.

ಇನ್ನು ಬಿಗುವಿನ ಪರಿಣಾಮವೇನು? ಹೈಸ್ಕೂಲಿನಲ್ಲಿ ಸ್ಪ್ರಿಂಗಿಗೆ ತೂಕ ತೂಗುಹಾಕಿ ನೋಡಿದವರಿಗೆ ಇದು ಹೊಸದಲ್ಲ. ಒಂದು ಚಕ್ರದ ಪಾಲಿಗೆ ಕಾರಿನ ಮೈಯ ೨೫೦ ಕಿಲೋಗ್ರಾಂ ಬರುತ್ತದೆಂದೂ ಚಕ್ರದ ಬಳಿ ಅಳೆದ ಬಿಗುವು ಮಿಲಿಮೀಟರಿಗೆ ೨೦ ನ್ಯೂಟನ್ ಎಂದೂ ಇಟ್ಟುಕೊಳ್ಳೋಣ. ಆಗ ಮೈ ಸೆಕೆಂಡಿಗೆ ಸುಮಾರು ೧.೪ ಸಲ ತೂಗುತ್ತದೆ. ಇದು ಹೆಚ್ಚುಕಡಿಮೆ ಮನುಷ್ಯನು ನಡೆಯುವಾಗ ಅವನ ದೇಹ ಏರಿಳಿಯುವ ಲಯ. ಆದುದರಿಂದಲೇ ಅದು ನಮಗೆ ಹಿತ. ಬಿಗುವನ್ನು ಇಮ್ಮಡಿ ಮಾಡಿದರೆ ತೂಗಾಟ ಸೆಕೆಂಡಿಗೆ ೨ಕ್ಕೆ ಏರುತ್ತದೆ. ಬಿಗುವು ಮತ್ತಷ್ಟು ಹೆಚ್ಚಿದಂತೆ ರಸ್ತೆಯ ಸಣ್ಣ ಕಂಪನಗಳೂ ಸೋಸಿಹೋಗದೆ ಮೈಗೆ ತಲಪುತ್ತವೆ. ಅವುಗಳಲ್ಲಿ ಸೆಕೆಂಡಿಗೆ ೪ರಿಂದ ೮ರವರೆಗಿನ ಮೇಲು ಕೆಳಗಿನ ಕಂಪನಗಳು ಕುಳಿತವನ ಬೆನ್ನಿಗೂ ಹೊಟ್ಟೆಗೂ ಅತ್ಯಂತ ಅಹಿತವಾದವು.

ಸುಖವನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ, ಹಿಡಿತವಾದರೂ ಹೆಚ್ಚುತ್ತದೆಯಲ್ಲ ಎಂದು ತರುಣನು ಕೇಳಬಹುದು. ಪಂದ್ಯದ ಪಥದಲ್ಲಿ ಹೆಚ್ಚುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯ ಪಥವಾಗಲಿ ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ಆಗಲಿ, ಅಲ್ಲಿನ ನೆಲ ನಯವಾದುದು. ಹಳ್ಳವಿಲ್ಲ, ಉಬ್ಬಿಲ್ಲ, ಎದುರಿಗೆ ಬರುವ ಗಾಡಿಯಿಲ್ಲ. ಅಲ್ಲಿ ಚಕ್ರವು ಉಬ್ಬುತಗ್ಗುಗಳನ್ನು ಹಿಂಬಾಲಿಸಬೇಕಾದ ಪ್ರಸಂಗ ಕಡಿಮೆ. ತಿರುವಿನಲ್ಲಿ ಕಾರು ವಾಲದಂತೆ, ಟೈರು ನೆಲಕ್ಕೆ ನೇರವಾಗಿ ಕೂರುವಂತೆ ನೋಡಿಕೊಳ್ಳುವುದೇ ಮುಖ್ಯ. ಆ ಕೆಲಸಕ್ಕೆ ಬಿಗಿಯಾದ ಸ್ಪ್ರಿಂಗೇ ತಕ್ಕುದು.

ನಮ್ಮ ರಸ್ತೆಯ ಮಾತು ಬೇರೆ. ಟೈರಿನ ಹಿಡಿತವು ಅದರ ಮೇಲಿನ ಭಾರ ಹೆಚ್ಚಿದಂತೆ ಹೆಚ್ಚುತ್ತದೆ, ನಿಜ; ಆದರೆ ಅದೇ ಪ್ರಮಾಣದಲ್ಲಲ್ಲ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಗಿಂತ ಕಡಿಮೆ. ಆದುದರಿಂದ ಒಂದು ಕ್ಷಣ ಹೆಚ್ಚು, ಮರುಕ್ಷಣ ಕಡಿಮೆ ಭಾರ ಹೊರುವ ಟೈರಿಗಿಂತ ಸದಾ ಒಂದೇ ಭಾರ ಹೊರುವ ಟೈರಿನ ಸರಾಸರಿ ಹಿಡಿತ ಹೆಚ್ಚು. ಗಾಳಿಯಲ್ಲಿರುವ ಟೈರಿಗಂತೂ ಹಿಡಿತವೇ ಇಲ್ಲ. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು ೧೪ ಮೀಟರ್ ಸಾಗುತ್ತದೆ. ಮೀಟರಿಗೊಂದು ತೇಪೆ ಇದ್ದರೆ ಚಕ್ರಕ್ಕೆ ಸೆಕೆಂಡಿಗೆ ೧೪ ಪೆಟ್ಟು. ಒಂದು ಪೆಟ್ಟಿಗೆ ಮೇಲೆದ್ದ ಚಕ್ರ, ಸೆಕೆಂಡಿನ ೧೪ನೆಯ ಒಂದು ಪಾಲಿನೊಳಗೆ ಮತ್ತೆ ನೆಲ ಮುಟ್ಟಬೇಕು. ಅಬ್ಸಾರ್ಬರಿನ ಗುಂಡಿಯನ್ನು ಪೂರ್ತಿ ಬಿಗಿದಿದ್ದರೆ ಎಣ್ಣೆ ಅಷ್ಟು ಬೇಗ ಹರಿಯಲಾರದು; ಚಕ್ರ ಇಳಿಯುವುದರೊಳಗೆ ಮುಂದಿನ ಪೆಟ್ಟು ಬಂದಿರುತ್ತದೆ. ಆ ತಿರುವಿನಲ್ಲಿ ನಮಗಾದುದು ಇದೇ. ಕಾರು ರಸ್ತೆಗೆ ಅಂಟಿಕೊಂಡಿರಲಿಲ್ಲ. ರಸ್ತೆಯನ್ನು ಬಿಟ್ಟುಬಿಟ್ಟು ಮುಟ್ಟುತ್ತಿತ್ತು.

ಕಾರನ್ನು ತಗ್ಗಿಸುವುದರಿಂದ ಬರುವ ಲಾಭವನ್ನೂ ಲೆಕ್ಕ ಹಾಕಿ ನೋಡೋಣ. ೧೦೦೦ ಕಿಲೋಗ್ರಾಂ ತೂಕದ ಕಾರಿನ ಗುರುತ್ವಕೇಂದ್ರ ನೆಲದಿಂದ ೫೫ ಸೆಂಟಿಮೀಟರ್ ಎತ್ತರದಲ್ಲಿದೆ, ಎಡಬಲ ಚಕ್ರಗಳ ಅಂತರ ೧೪೫ ಸೆಂಟಿಮೀಟರ್ ಎನ್ನೋಣ. ಗುರುತ್ವ ವೇಗೋತ್ಕರ್ಷದ ೦.೬ರಷ್ಟು ಬಲದಿಂದ ತಿರುಗುವಾಗ ಒಳಗಣ ಚಕ್ರಗಳಿಂದ ಹೊರಗಣ ಚಕ್ರಗಳಿಗೆ ಸುಮಾರು ೨೨೮ ಕಿಲೋಗ್ರಾಂ ಭಾರ ವರ್ಗವಾಗುತ್ತದೆ. ಸ್ಪ್ರಿಂಗು ಬಿಗಿಯಾಗಿರಲಿ ಸಡಿಲವಾಗಿರಲಿ, ಈ ಮೊತ್ತ ಬಹುಮಟ್ಟಿಗೆ ಅಷ್ಟೇ. ಕಾರನ್ನು ೩ ಸೆಂಟಿಮೀಟರ್ ತಗ್ಗಿಸಿದರೆ ಅದು ಸುಮಾರು ೨೧೫ ಕಿಲೋಗ್ರಾಮಿಗೆ ಇಳಿಯುತ್ತದೆ. ಉಳಿತಾಯ ಸುಮಾರು ೧೨ ಕಿಲೋಗ್ರಾಂ. ಪಂದ್ಯದಲ್ಲಿ ಇಷ್ಟೂ ಬೆಲೆಯುಳ್ಳದ್ದೇ. ಆದರೆ ಸಂತೆಗೂ ಕಾಲೇಜಿಗೂ ಹೋಗಿಬರುವವನು ಈ ೧೨ ಕಿಲೋಗ್ರಾಮಿಗಾಗಿ ಏನನ್ನು ಕಳೆದುಕೊಳ್ಳುತ್ತಾನೆ? ಚಕ್ರ ಮೇಲೇರಲು ೮ ಸೆಂಟಿಮೀಟರ್ ಅವಕಾಶವಿದ್ದ ಕಾರನ್ನು ಬಳೆ ತಿರುಗಿಸಿ ೪ ಸೆಂಟಿಮೀಟರ್ ಇಳಿಸಿದರೆ ಉಳಿಯುವುದು ಅರ್ಧವೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಕಟ್ಟಿದ ರಸ್ತೆ ಉಬ್ಬು ೩.೭ ಮೀಟರ್ ಅಗಲ, ೧೦ ಸೆಂಟಿಮೀಟರ್ ಎತ್ತರವಿದ್ದು, ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿ ದಾಟುವುದಕ್ಕೆ ಹೊಂದುತ್ತದೆ. ನಮ್ಮ ಹಳ್ಳಿಗಳ ಮುಂದೆ ರಾತ್ರೋರಾತ್ರಿ ಏಳುವ ಉಬ್ಬುಗಳು ಯಾವ ನಿಯಮಕ್ಕೂ ಒಳಪಟ್ಟವಲ್ಲ. ಅವುಗಳ ಮೇಲೆ ಉಳಿದ ಅವಕಾಶ ಮುಗಿದು, ತಡೆಯ ರಬ್ಬರು ಬಡಿದೊಡನೆ ಸ್ಪ್ರಿಂಗು ಇದ್ದೂ ಇಲ್ಲದಂತಾಗುತ್ತದೆ.

ಹಾಗಾದರೆ ಇಂಥ ಸಾಧನಗಳನ್ನು ನಿಷೇಧಿಸಬೇಕೆ? ಹಿರಿಯರು ಕೆಲವರು ಹಾಗೆನ್ನುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಹೊಂದಿಸಬಹುದಾದ ಸಸ್ಪೆನ್ಷನ್ನು ಒಂದು ಒಳ್ಳೆಯ ಭೌತಶಾಸ್ತ್ರದ ಪ್ರಯೋಗಶಾಲೆ. ದೋಷವಿರುವುದು ತಿರುಪಿನಲ್ಲಲ್ಲ, ಅಳೆಯದೆ ತಿರುಪುವ ಕೈಯಲ್ಲಿ. ಅಳೆಯುವುದಕ್ಕೆ ದೊಡ್ಡ ಸಲಕರಣೆಯೂ ಬೇಡ. ಸಮನಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟರೆ ಮೈ ಮೇಲೆದ್ದು, ಕೊಂಚ ಮೀರಿ, ಹಿಂದಿರುಗಿ ನಿಲ್ಲಬೇಕು. ಮತ್ತೆ ಮತ್ತೆ ತೂಗಿದರೆ ಅಬ್ಸಾರ್ಬರು ಸಾಲದು. ಜಡವಾಗಿ ನಿಧಾನಕ್ಕೆ ಎದ್ದರೆ ಅತಿಯಾಯಿತು. ಗುಂಡಿಯನ್ನು ಅತ್ಯಂತ ಸಡಿಲವಾದ ಸ್ಥಾನದಿಂದ ಆರಂಭಿಸಿ, ಪರಿಚಿತವಾದ ಒಂದೇ ರಸ್ತೆಯಲ್ಲಿ, ಒಂದೇ ಮಿತವೇಗದಲ್ಲಿ, ಒಂದೆರಡು ಟಿಕ್ಕುಗಳಂತೆ ಮುಂದುವರಿಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎತ್ತರ ಬದಲಾದರೆ ಚಕ್ರಗಳ ಓರೆಯೂ ದೀಪದ ಬೆಳಕಿನ ದಿಕ್ಕೂ ಬದಲಾಗುವುದರಿಂದ ಅವನ್ನು ಮತ್ತೆ ಸರಿಪಡಿಸಬೇಕು. ಪಂದ್ಯದ ಪಥಕ್ಕೆ ಹೋಗುವವನು ಅಲ್ಲಿಗೊಂದು, ಮನೆಗೊಂದು ಎಂದು ಎರಡು ಪಟ್ಟಿಗಳನ್ನು ಇಟ್ಟುಕೊಂಡು, ಹಿಂದಿರುಗುವ ಮುನ್ನ ಮನೆಯ ಪಟ್ಟಿಗೆ ಮರಳಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಮಾಡಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಹಣ ತೆರುವ ಮೊದಲೇ ಇದನ್ನು ವಿಚಾರಿಸಿಕೊಳ್ಳುವುದು ಒಳಿತು.

ಈ ಮಾತುಗಳನ್ನು ಈಗ ಹೇಳಬೇಕಾದುದಕ್ಕೆ ಇನ್ನೊಂದು ಕಾರಣವಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆಯಿಂದ ಬೇತಮಂಗಲದವರೆಗಿನ ಸುಮಾರು ೭೧ ಕಿಲೋಮೀಟರ್ ಭಾಗವು ೨೦೨೪ರ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ಮಾಲೂರಿನ ಸೀಮೆಯಲ್ಲಿಯೇ ಹಾದುಹೋಗುವ ಆ ನುಣುಪು ಹಾದಿಯನ್ನು ಕಂಡು, ಇದೇ ನಮ್ಮ ರೇಸಿನ ಪಥ ಎಂದು ಭಾವಿಸುವ ತರುಣರಿದ್ದಾರೆ. ನುಣುಪಾದ ಮಾತ್ರಕ್ಕೆ ರಸ್ತೆ ಪಂದ್ಯದ ಪಥವಾಗುವುದಿಲ್ಲ. ಪಂದ್ಯದ ಪಥದಲ್ಲಿ ಜಾರಿದವನಿಗೆ ಜಾರಲು ಜಾಗ ಬಿಟ್ಟಿರುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಆ ಜಾಗದಲ್ಲಿ ಇನ್ನೊಬ್ಬರ ಸಂಸಾರ ಪ್ರಯಾಣ ಮಾಡುತ್ತಿರುತ್ತದೆ. ಈ ಒಂದು ವ್ಯತ್ಯಾಸವನ್ನು ಯಾವ ತಿರುಪೂ ಹೊಂದಿಸಲಾರದು.

ಅಂದು ಶಿವಾರಪಟ್ಟಣದಲ್ಲಿ ಒಬ್ಬ ಶಿಲ್ಪಿಯ ಅಂಗಳದಲ್ಲಿ ನಾವು ಬಹಳ ಹೊತ್ತು ಕುಳಿತಿದ್ದೆವು. ಮುಗಿದ ವಿಗ್ರಹವೊಂದನ್ನು ವ್ಯಾನಿಗೆ ಏರಿಸುತ್ತಿದ್ದರು. ಕಲ್ಲು ಗಟ್ಟಿಯಾದುದೆಂದು ಅದನ್ನು ಹಲಗೆಗೆ ಬಿಗಿದು ಕಟ್ಟಲಿಲ್ಲ. ಒಣಹುಲ್ಲಿನ ದಪ್ಪ ಹಾಸಿನ ಮೇಲೆ ಮಲಗಿಸಿ, ಅಲುಗದಷ್ಟೇ ಹಗ್ಗ ಬಿಗಿದರು. ಪಕ್ಕದಲ್ಲಿ ಇನ್ನೊಬ್ಬರು ಹೊಸ ಕಲ್ಲಿನ ಮೇಲೆ ಗೆರೆ ಹಾಕುತ್ತಿದ್ದರು. ತಾಳಮಾನದ ಲೆಕ್ಕದಂತೆ ಅಳತೆ ಮುಗಿಯುವವರೆಗೆ ಅವರು ಉಳಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಹುಡುಗನು ಎದ್ದುಹೋಗಿ ಅವರ ಹತ್ತಿರ ಅಳತೆಯ ಟೇಪನ್ನು ಕೇಳಿ ತಂದನು. ಕಾರಿನ ನಾಲ್ಕು ಮೂಲೆಗಳನ್ನೂ ಅಳೆದೆವು. ಎಡಗಡೆಯ ಮುಂಭಾಗ ಬಲಗಡೆಗಿಂತ ೧೧ ಮಿಲಿಮೀಟರ್ ತಗ್ಗಾಗಿತ್ತು. ಗುಂಡಿಗಳನ್ನು ಸಡಿಲಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿದೆವು. ಆ ತಿರುವನ್ನು ಅವನು ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ದಾಟಿದನು.